ಮನೆಯ ಆಹಾರ ಡಿಹೈಡ್ರೇಟರ್: ಸ್ವಚ್ಛಗೊಳಿಸುವ ಮತ್ತು ಸುಸ್ಥಿತಿಯಲ್ಲಿಡುವ ಸಮಗ್ರ ಮಾರ್ಗದರ್ಶಿ

ಡಿಹೈಡ್ರೇಟರ್, ಅಂದರೆ ಹಣ್ಣು, ತರಕಾರಿ, ಮಾಂಸಗಳನ್ನು ಬೆಚ್ಚನೆಯ ಗಾಳಿಯಿಂದ ಒಣಗಿಸುವ ಯಂತ್ರ, ಬಳಸುವವರಿಂದ ಪದೇ ಪದೇ ಕೇಳಿಬರುವ ದೂರುಗಳು ಮೂರು. ತೊಳೆದು ಒಣಗಿಸಿದ ಟ್ರೇ ಮತ್ತೆ ಕೈಗೆ ಅಂಟುತ್ತದೆ. ಈರುಳ್ಳಿ ಒಣಗಿಸಿದ ವಾಸನೆ ಮುಂದಿನ ಸಲ ಇಟ್ಟ ಹಣ್ಣಿಗೂ ಹತ್ತುತ್ತದೆ. ಮೊದಲು 8 ಗಂಟೆಯಲ್ಲಿ ಒಣಗುತ್ತಿದ್ದ ಹೋಳುಗಳು ಈಗ 12 ಗಂಟೆ ಕಳೆದರೂ ಮೆತ್ತಗೇ ಇರುತ್ತವೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಯಂತ್ರವನ್ನು ತೊಳೆಯದೆ ಬಿಟ್ಟವರಲ್ಲ. ತಪ್ಪು ಕ್ರಮದಲ್ಲಿ ತೊಳೆದವರು, ಇಲ್ಲವೇ ಕಣ್ಣಿಗೆ ಕಾಣುವ ಭಾಗವನ್ನಷ್ಟೇ ತೊಳೆದವರು.

ಡಿಹೈಡ್ರೇಟರ್ ಮಾಡುವ ಕೆಲಸವೆಲ್ಲ ಗಾಳಿಯದು. ಬೆಚ್ಚಗಾದ ಗಾಳಿ ಟ್ರೇಗಳ ಜಾಲರಿಯನ್ನು ಹಾದು, ಆಹಾರದ ತೇವವನ್ನು ಹೊತ್ತುಕೊಂಡು ಹೊರಬರಬೇಕು. ಹಾಗಾಗಿ ಸ್ವಚ್ಛತೆಯ ಗುರಿ ಹೊಳಪು ತರಿಸುವುದಲ್ಲ, ಗಾಳಿ ಒಳಬರುವ ಕಿಂಡಿಯಿಂದ ಹೊರಹೋಗುವ ಕಿಂಡಿಯವರೆಗಿನ ದಾರಿಯನ್ನು ತೆರವಾಗಿ ಮತ್ತು ಒಣಗಿದಂತೆ ಇಡುವುದು. ಮುಂದಿನ ಹಂತಗಳ ಕ್ರಮ ಈ ಗುರಿಯಿಂದಲೇ ಹುಟ್ಟಿದ್ದು. ಆದ್ದರಿಂದ ಅವನ್ನು ಹಿಂದುಮುಂದು ಮಾಡಬಾರದು.

## ಮೊದಲು ನಿಮ್ಮ ಯಂತ್ರದ ಬಗೆಯನ್ನು ಗುರುತಿಸಿ

ಮನೆಬಳಕೆಯ ಯಂತ್ರಗಳು ಮುಖ್ಯವಾಗಿ ಎರಡು ಬಗೆಯವು. ಒಂದರಲ್ಲಿ ದುಂಡು ಅಥವಾ ಚೌಕದ ಟ್ರೇಗಳು ಒಂದರ ಮೇಲೊಂದು ಕುಳಿತಿರುತ್ತವೆ. ಫ್ಯಾನ್ ಮತ್ತು ಹೀಟರ್ ತಳದಲ್ಲಿ ಇಲ್ಲವೇ ಮುಚ್ಚಳದಲ್ಲಿರುತ್ತವೆ. ಇನ್ನೊಂದು ಪೆಟ್ಟಿಗೆಯಾಕಾರದ್ದು, ಟ್ರೇಗಳನ್ನು ಮುಂದಿನಿಂದ ಜಾರಿಸಿ ಇಡಬೇಕು, ಫ್ಯಾನ್ ಹಿಂಗೋಡೆಯಲ್ಲಿರುತ್ತದೆ.

ಕೊಳೆ ಎಲ್ಲಿ ಸೇರುತ್ತದೆ ಎಂಬುದು ಈ ರಚನೆಯನ್ನೇ ಅವಲಂಬಿಸಿದೆ. ಫ್ಯಾನ್ ತಳದಲ್ಲಿದ್ದರೆ ಹಣ್ಣಿನ ರಸ ಮತ್ತು ಮಾಂಸದ ಕೊಬ್ಬು ನೇರವಾಗಿ ಅದರ ಮೇಲಿನ ಜಾಲರಿಗೆ ತೊಟ್ಟಿಕ್ಕುತ್ತವೆ. ಫ್ಯಾನ್ ತಳದಲ್ಲಿ, ಮುಚ್ಚಳದಲ್ಲಿ ಅಥವಾ ಹಿಂಗೋಡೆಯಲ್ಲಿರುವ ಮೂರು ರಚನೆಗಳಲ್ಲಿ ಹೆಚ್ಚು ಜಾಗರೂಕತೆ ಬೇಡುವುದು ಇದೇ. ಫ್ಯಾನ್ ಮುಚ್ಚಳದಲ್ಲಿದ್ದರೆ ರಸದ ಕಾಟವಿಲ್ಲ, ಆದರೆ ಮೇಲಿನ ಕಿಂಡಿಗಳಲ್ಲಿ ಧೂಳು ಕೂರುತ್ತದೆ. ಪೆಟ್ಟಿಗೆಯಾಕಾರದ ಯಂತ್ರದಲ್ಲಿ ರಸ ತಳಕ್ಕೆ ಬಿದ್ದು ಅಲ್ಲೇ ಗಟ್ಟಿಯಾಗುತ್ತದೆ, ಹಗುರವಾದ ಎಲೆ ಮತ್ತು ಸಿಪ್ಪೆಯ ಚೂರುಗಳು ಹಾರಿ ಫ್ಯಾನಿನ ಮುಂದಿನ ಜಾಲರಿಗೆ ಅಂಟಿಕೊಳ್ಳುತ್ತವೆ.

## ಬೇಕಾದ ಸಾಮಾನುಗಳು

ಟ್ರೇ ಪೂರ್ತಿ ಮುಳುಗುವಷ್ಟು ಅಗಲವಾದ ಟಬ್, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ನೈಲಾನ್ ಬ್ರಷ್, ಹಳೆಯ ಹಲ್ಲುಜ್ಜುವ ಬ್ರಷ್, ಬಣ್ಣ ಬಳಿಯುವ ಬಗೆಯ ಒಣ ಬ್ರಷ್, ಸ್ಪಂಜು, ನೂಲು ಬಿಡದ ಎರಡು ಬಟ್ಟೆ, ಅಡುಗೆ ಸೋಡಾ. ಮಾಂಸ ಒಣಗಿಸುವವರಿಗೆ ಸುಗಂಧ ಬೆರೆಸದ ಕ್ಲೋರಿನ್ ಬ್ಲೀಚ್ ಕೂಡ ಬೇಕು. ಉಷ್ಣತೆಯ ಪರೀಕ್ಷೆಗೆ, ತಂತಿಯ ತುದಿಯಲ್ಲಿ ಸಂವೇದಕವಿರುವ ಅಡುಗೆ ಥರ್ಮಾಮೀಟರ್ ಇದ್ದರೆ ಅನುಕೂಲ.

ಉಕ್ಕಿನ ನಾರು, ಒರಟು ಸ್ಕ್ರಬ್ಬರ್, ಉಜ್ಜುವ ಪುಡಿ ಮತ್ತು ಚಾಕುವಿನ ತುದಿ ಈ ಕೆಲಸಕ್ಕೆ ಸಲ್ಲವು. ಇವು ಪ್ಲಾಸ್ಟಿಕ್ಕಿನ ಮೇಲೆ ಮಾಡುವ ಸಣ್ಣ ಗೀರುಗಳಲ್ಲಿ ಸಕ್ಕರೆ, ಕೊಬ್ಬು ಮತ್ತು ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ. ಆಮೇಲೆ ಎಷ್ಟು ತೊಳೆದರೂ ಆ ಟ್ರೇ ಪೂರ್ತಿ ಸ್ವಚ್ಛವಾಗುವುದಿಲ್ಲ.

## ಹಂತ 1: ಪ್ಲಗ್ ತೆಗೆಯುವುದು, ಆರಲು ಬಿಡುವುದು, ಬಿಡಿಸುವುದು

ಯಂತ್ರದ ಗುಂಡಿಯನ್ನು ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಸಾಕೆಟ್‌ನಿಂದ ಹೊರಗೆ ಎಳೆದಿಡಬೇಕು. ಬಳಿಕ ಅರ್ಧ ಗಂಟೆಯಾದರೂ ಆರಲು ಬಿಡಿ. ಬಿಸಿಯಿರುವ ಪ್ಲಾಸ್ಟಿಕ್ ಟ್ರೇಯನ್ನು ಹಿಡಿದೆಳೆದರೆ ಅದು ಸೊಟ್ಟಗಾಗಬಹುದು, ಸೊಟ್ಟಗಾದ ಟ್ರೇ ಇನ್ನೊಂದರ ಮೇಲೆ ಸರಿಯಾಗಿ ಕೂರದೆ ಬದಿಯಿಂದ ಗಾಳಿ ಸೋರುತ್ತದೆ.

ಆದರೆ ಆರಲು ಬಿಡುತ್ತೇವೆಂದು ಇಡೀ ರಾತ್ರಿ ಬಿಡುವುದೂ ತಪ್ಪೇ. ಸಕ್ಕರೆಯ ಅಂಶ ಕೆಲವೇ ಗಂಟೆಗಳಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ. ಮಾಂಸ ಅಥವಾ ಮೀನು ಒಣಗಿಸಿದ್ದರೆ ಅದೇ ದಿನ ತೊಳೆಯಲೇಬೇಕು.

ಟ್ರೇ, ಮೇಲೆ ಹಾಸುವ ಜಾಲರಿ, ಸಿಲಿಕೋನ್ ಹಾಳೆ, ರಸ ಹಿಡಿಯುವ ತಟ್ಟೆ, ಕಳಚಿ ಬರುವಂತಿದ್ದರೆ ಬಾಗಿಲು, ಇವೆಲ್ಲವನ್ನೂ ಬೇರ್ಪಡಿಸಿ. ಜಾಲರಿಯನ್ನು ಟ್ರೇಯ ಮೇಲೆಯೇ ಬಿಟ್ಟು ತೊಳೆಯುವುದು ಸಾಮಾನ್ಯವಾದ ತಪ್ಪು. ಎರಡರ ನಡುವೆ ಉಳಿದ ರಸವೇ ಮುಂದೆ ಕಮಟು ವಾಸನೆಗೆ ಮೂಲವಾಗುತ್ತದೆ.

## ಹಂತ 2: ನೀರು ಮುಟ್ಟಿಸುವ ಮೊದಲು ಒಣ ಕೊಳೆಯನ್ನು ತೆಗೆಯುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತವಿದು. ಒಣಗಿದ ಚೂರುಗಳು ಒಣಗಿದ್ದಾಗ ಸುಲಭವಾಗಿ ಉದುರುತ್ತವೆ. ನೀರು ತಗುಲಿದ ಕೂಡಲೇ ಉಬ್ಬಿ, ಮೆತ್ತಗಾಗಿ, ಜಾಲರಿಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಮೊದಲು ಟ್ರೇಯನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿ, ಒಣ ಬ್ರಷ್‌ನಿಂದ ಎರಡೂ ಬದಿ ಗುಡಿಸಬೇಕು. ಸಿಲಿಕೋನ್ ಹಾಳೆ ಮತ್ತು ಬಾಗುವ ಜಾಲರಿಯನ್ನು ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಅಂಟಿದ ಪದರ ತಾನಾಗಿ ಸಿಡಿದು ಏಳುತ್ತದೆ.

ಯಂತ್ರದ ಒಳಗಿನ ಚೂರುಗಳನ್ನೂ ಈಗಲೇ ತೆಗೆಯಿರಿ. ಚಿಕ್ಕ ಯಂತ್ರವಾದರೆ ಬೋರಲು ಹಾಕಿ ಉದುರಿಸಬಹುದು. ದೊಡ್ಡದಾದರೆ ವ್ಯಾಕ್ಯೂಮ್ ಕ್ಲೀನರ್‌ನ ಕಿರಿದಾದ ಮೂತಿಯಿಂದ ಎಳೆಸಬಹುದು.

## ಹಂತ 3: ಕೊಳೆಯ ಗುಣಕ್ಕೆ ತಕ್ಕಂತೆ ನೆನೆಸುವುದು

ಎಲ್ಲ ಕೊಳೆಗೂ ಬಿಸಿನೀರೇ ಮದ್ದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಏನನ್ನು ಒಣಗಿಸಿದ್ದಿರಿ ಎಂಬುದನ್ನು ನೋಡಿಕೊಂಡು ನೀರನ್ನು ಆರಿಸಬೇಕು.

ಹಣ್ಣು ಮತ್ತು ಹಣ್ಣಿನ ತಿರುಳಿನ ಹಾಳೆ. ಇವು ಬಿಡುವುದು ಮುಖ್ಯವಾಗಿ ಸಕ್ಕರೆ. ಅದು ನೀರಿನಲ್ಲಿ ತಾನಾಗಿಯೇ ಕರಗುತ್ತದೆ, ಅದಕ್ಕೆ ಬೇಕಿರುವುದು ಸಮಯ. ಕೈಯನ್ನು ಆರಾಮವಾಗಿ ಮುಳುಗಿಸಿ ಇಟ್ಟುಕೊಳ್ಳಬಹುದಾದಷ್ಟು, ಅಂದರೆ ಸುಮಾರು 40 ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ 30 ನಿಮಿಷದಿಂದ ಒಂದು ಗಂಟೆಯವರೆಗೆ ನೆನೆಸಿಡಿ. ಉಜ್ಜುವ ಅವಸರ ಬೇಡ. ಹದಿನೈದು ನಿಮಿಷ ಕಷ್ಟಪಟ್ಟು ಉಜ್ಜಿದರೂ ಹೋಗದ ಕಲೆ ಒಂದು ಗಂಟೆ ನೆನೆದರೆ ಬೆರಳಿಗೇ ಬಂದುಬಿಡುತ್ತದೆ.

ಮಾಂಸ, ಮೀನು, ಮೊಟ್ಟೆ. ಇವುಗಳ ಪ್ರೋಟೀನ್ ಬಿಸಿ ತಗುಲಿದರೆ ಹೆಪ್ಪುಗಟ್ಟಿ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ, ಆ ನೀರನ್ನು ಚೆಲ್ಲಿ, ನಂತರವೇ ಸಾಬೂನು ಬೆರೆಸಿದ ಬೆಚ್ಚನೆಯ ನೀರಿಗೆ ಹಾಕಬೇಕು. ಕೊಬ್ಬು ಬರೀ ನೀರಿನಲ್ಲಿ ಕರಗುವಂಥದ್ದಲ್ಲ, ಒಣಗುವಂಥದ್ದೂ ಅಲ್ಲ. ತೆಳುವಾದ ಪದರವಾಗಿ ಉಳಿದು ಮುಗ್ಗಲು ವಾಸನೆ ಬರಿಸುತ್ತದೆ. ಹೀಗಾಗಿ ಇಲ್ಲಿ ಪಾತ್ರೆ ತೊಳೆಯುವ ದ್ರವ ಬೇಕೇ ಬೇಕು.

ತರಕಾರಿ ಮತ್ತು ಸೊಪ್ಪು. ಇವು ಅಷ್ಟಾಗಿ ಅಂಟುವುದಿಲ್ಲ. 15 ನಿಮಿಷ ನೆನೆಸಿದರೆ ಸಾಕು. ಟೊಮೇಟೊ ಉಳಿಸುವ ಕೆಂಪು ಛಾಯೆ ಪ್ಲಾಸ್ಟಿಕ್ಕಿನೊಳಗೆ ಇಳಿದ ಬಣ್ಣವೇ ಹೊರತು ಕೊಳೆಯಲ್ಲ. ಬೆರಳಿಗೆ ಜಿಗುಟು ಹತ್ತದಿದ್ದರೆ ಆ ಬಣ್ಣದ ಜೊತೆ ಗುದ್ದಾಡುವ ಅಗತ್ಯವಿಲ್ಲ. ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅದು ಬಹುಪಾಲು ಮಾಸುತ್ತದೆ.

ಕುದಿಯುವ ನೀರನ್ನು ಯಾವ ಪ್ಲಾಸ್ಟಿಕ್ ಟ್ರೇಗೂ ಸುರಿಯಬಾರದು. ಯಂತ್ರದ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 70 ರಿಂದ 75 ಡಿಗ್ರಿ. ಟ್ರೇಗಳನ್ನು ಆ ಶಾಖಕ್ಕೆಂದೇ ಮಾಡಿರುತ್ತಾರೆ, 100 ಡಿಗ್ರಿಗಲ್ಲ. ಡಿಶ್‌ವಾಶರ್‌ಗೂ ಇದೇ ಮಾತು ಅನ್ವಯಿಸುತ್ತದೆ. ತಯಾರಕರ ಕೈಪಿಡಿಯಲ್ಲಿ ಸ್ಪಷ್ಟ ಅನುಮತಿ ಇದ್ದರೆ ಮಾತ್ರ ಮೇಲಿನ ಅಂಕಣದಲ್ಲಿ, ಬಿಸಿಗಾಳಿಯಿಂದ ಒಣಗಿಸುವ ಹಂತವನ್ನು ನಿಲ್ಲಿಸಿ ತೊಳೆಯಬಹುದು. ಸ್ಟೇನ್‌ಲೆಸ್ ಸ್ಟೀಲ್ ಟ್ರೇಗಳಿಗೆ ಈ ಭಯವಿಲ್ಲ.

## ಹಂತ 4: ಉಜ್ಜುವುದು ಮತ್ತು ಜಾಲಿಸುವುದು

ನೆನೆದ ಟ್ರೇಯನ್ನು ಸಮತಟ್ಟಾದ ಜಾಗದಲ್ಲಿ ಮಲಗಿಸಿ ಉಜ್ಜಿ. ಗಾಳಿಯಲ್ಲಿ ಎತ್ತಿ ಹಿಡಿದು ಒತ್ತಿದರೆ ತೆಳುವಾದ ಕಡ್ಡಿಗಳು ಮುರಿಯುತ್ತವೆ. ಬ್ರಷ್ ಜಾಲರಿಯ ಎಳೆಗಳ ದಿಕ್ಕಿನಲ್ಲಿ ಹೋಗಬೇಕು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಕೆಳಬದಿಯನ್ನು ಮರೆಯಬೇಡಿ, ರಸ ಇಳಿದು ಹೆಪ್ಪುಗಟ್ಟುವುದು ಅಲ್ಲೇ. ಟ್ರೇಯ ಅಂಚಿನ ತೋಡಿಗೆ ಹಲ್ಲುಜ್ಜುವ ಬ್ರಷ್ ಬಳಸಿ.

ಇನ್ನೂ ಜಗ್ಗದ ಕಲೆಗೆ ಮೂರು ಪಾಲು ಅಡುಗೆ ಸೋಡಾಕ್ಕೆ ಒಂದು ಪಾಲು ನೀರು ಬೆರೆಸಿ, ಆ ಮುದ್ದೆಯನ್ನು ಹಚ್ಚಿ 15 ನಿಮಿಷ ಬಿಟ್ಟು ಉಜ್ಜಬೇಕು. ಈರುಳ್ಳಿ, ಬೆಳ್ಳುಳ್ಳಿ, ಮೀನಿನ ವಾಸನೆ ಹಿಡಿದ ಸಿಲಿಕೋನ್ ಹಾಳೆಗೂ ಇದೇ ಉಪಾಯ. ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದು ನೊರೆ ಬರಿಸುವ ಸಲಹೆ ಎಲ್ಲೆಡೆ ಕಾಣಸಿಗುತ್ತದೆ. ಆದರೆ ಎರಡೂ ಒಂದನ್ನೊಂದು ತಟಸ್ಥಗೊಳಿಸುವುದರಿಂದ ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಿನಂಥ ದ್ರಾವಣ. ಬೇಕಾದರೆ ಬೇರೆ ಬೇರೆಯಾಗಿ ಬಳಸಿ: ಜಿಡ್ಡು ಮತ್ತು ವಾಸನೆಗೆ ಸೋಡಾ, ಸ್ಟೀಲ್ ಟ್ರೇಯ ಮೇಲೆ ಗಡಸುನೀರು ಬಿಟ್ಟ ಬಿಳಿ ಪೊರೆಗೆ ವಿನೆಗರ್.

ಕೊನೆಗೆ ಹರಿಯುವ ನೀರಿನಲ್ಲಿ ಸಾಬೂನು ಪೂರ್ತಿ ಹೋಗುವವರೆಗೆ ಜಾಲಿಸಬೇಕು. ಒಣಗಿದ ಟ್ರೇ ಮತ್ತೆ ಅಂಟುವುದಕ್ಕೆ ಎಷ್ಟೋ ಸಲ ಹಣ್ಣಿನ ಸಕ್ಕರೆ ಕಾರಣವಲ್ಲ, ಸರಿಯಾಗಿ ಜಾಲಿಸದ ಸಾಬೂನೇ ಕಾರಣ. ಒದ್ದೆ ಬೆರಳಿನಿಂದ ಟ್ರೇಯನ್ನು ಸವರಿದಾಗ ಜಾರಿದಂತಾದರೆ ಇನ್ನೊಮ್ಮೆ ಜಾಲಿಸಿ.

## ಹಂತ 5: ಮಾಂಸ ಒಣಗಿಸಿದ ಮೇಲೆ ಕ್ರಿಮಿನಾಶ

ಹಣ್ಣು ತರಕಾರಿಗಳಿಗೆ ಸಾಬೂನಿನ ತೊಳೆತ ಸಾಕು. ಹಸಿ ಮಾಂಸ, ಕೋಳಿ, ಮೀನು ಮುಟ್ಟಿದ ಟ್ರೇಗಳಿಗೆ ಸಾಲದು. ಅನುಕೂಲವಿರುವವರು ಮಾಂಸಕ್ಕೆಂದೇ ಒಂದೆರಡು ಟ್ರೇಗಳನ್ನು ಗುರುತು ಹಾಕಿ ಬೇರೆಯಿಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಲೇಬಲ್ಲಿನಲ್ಲಿ 5 ರಿಂದ 6 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಎಂದಿರುವ ಬ್ಲೀಚನ್ನು 1 ಲೀಟರ್ ತಣ್ಣೀರಿಗೆ 4 ಮಿಲಿಲೀಟರ್‌ನಂತೆ ಬೆರೆಸಿ. ತೊಳೆದು ಜಾಲಿಸಿದ ಟ್ರೇಯನ್ನು ಅದರಲ್ಲಿ 2 ನಿಮಿಷ ಮುಳುಗಿಸಿ ತೆಗೆದು, ಕುಡಿಯುವ ನೀರಿನಲ್ಲಿ ಜಾಲಿಸಿ, ಗಾಳಿಯಲ್ಲಿ ಒಣಗಿಸಿ. ದ್ರಾವಣವನ್ನು ಆಗಿಂದಾಗ್ಗೆ ಹೊಸದಾಗಿ ಮಾಡಿಕೊಳ್ಳಬೇಕು. ಇಟ್ಟದ್ದು ಶಕ್ತಿ ಕಳೆದುಕೊಳ್ಳುತ್ತದೆ. ಕೊಳೆಯಿರುವ ಟ್ರೇಗೆ ಬ್ಲೀಚ್ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಉಳಿದ ಕೊಬ್ಬು ಮತ್ತು ಪ್ರೋಟೀನ್ ಕ್ಲೋರಿನ್ನನ್ನು ನುಂಗಿಬಿಡುತ್ತವೆ. ತೊಳೆತ ಮೊದಲು, ಕ್ರಿಮಿನಾಶ ಆಮೇಲೆ ಎಂಬ ಕ್ರಮಕ್ಕೆ ಇದೇ ಕಾರಣ. ಸ್ಟೀಲ್ ಟ್ರೇಗಳನ್ನು ಬ್ಲೀಚಿನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

ಎಚ್ಚರಿಕೆ: ಬ್ಲೀಚಿಗೆ ವಿನೆಗರ್ ಅಥವಾ ಬೇರಾವುದೇ ಹುಳಿ ಪದಾರ್ಥ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷಾನಿಲವೇ. ಒಂದೇ ಟಬ್ಬಿನಲ್ಲಿ ಒಂದಾದ ಮೇಲೊಂದರಂತೆ ಬಳಸುವುದಿದ್ದರೂ ನಡುವೆ ಚೆನ್ನಾಗಿ ತೊಳೆದುಕೊಳ್ಳಿ; ಕಿಟಕಿ ತೆರೆದಿರಲಿ.

## ಹಂತ 6: ಯಂತ್ರದ ಒಡಲು

ಹೀಟರ್, ಫ್ಯಾನ್ ಮತ್ತು ವಿದ್ಯುತ್ ತಂತಿಗಳಿರುವ ಭಾಗವನ್ನು ನೀರಿನಲ್ಲಿ ಮುಳುಗಿಸಬಾರದು, ನಲ್ಲಿಯ ಕೆಳಗೆ ಹಿಡಿಯಬಾರದು, ಅದರೊಳಕ್ಕೆ ಯಾವ ದ್ರವವನ್ನೂ ಸಿಂಪಡಿಸಬಾರದು. ಸಾಬೂನು ನೀರಿನಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿದ ಬಟ್ಟೆಯಿಂದ ಒರೆಸಿ. ಆಮೇಲೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆ, ಕೊನೆಗೆ ಒಣ ಬಟ್ಟೆ. ಒರೆಸುವ ಕೈ ಯಾವಾಗಲೂ ಫ್ಯಾನಿನಿಂದ ಹೊರಮುಖವಾಗಿ ಚಲಿಸಬೇಕು, ಇಲ್ಲದಿದ್ದರೆ ಕೊಳೆಯನ್ನು ನಾವೇ ಫ್ಯಾನಿನೊಳಕ್ಕೆ ತಳ್ಳಿದಂತಾಗುತ್ತದೆ.

ತಳದಲ್ಲಿ ರಸ ಗಟ್ಟಿಯಾಗಿದ್ದರೆ ಕೆರೆಯಬೇಡಿ. ಬೆಚ್ಚನೆಯ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ 10 ನಿಮಿಷ ಹಾಸಿಡಿ. ಮೆತ್ತಗಾದ ಮೇಲೆ ಒರೆಸಿ ತೆಗೆಯಿರಿ. ಬಾಗಿಲಿನ ಅಂಚು, ಟ್ರೇ ಜಾರುವ ಹಳಿಗಳು ಮತ್ತು ಗುಂಡಿಗಳ ಸುತ್ತಲಿನ ಸಂದುಗಳಿಗೆ ಹತ್ತಿಯ ಕಡ್ಡಿ ಒಗ್ಗುತ್ತದೆ.

## ಹಂತ 7: ಫ್ಯಾನ್ ಮತ್ತು ಗಾಳಿಕಿಂಡಿಗಳು

ಒಣಗುವ ಸಮಯ ದಿನೇ ದಿನೇ ಹೆಚ್ಚುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇವನ್ನೇ. ಗಾಳಿ ಒಳಬರುವ ಕಿಂಡಿಗಳು ಸಾಮಾನ್ಯವಾಗಿ ಯಂತ್ರದ ಹಿಂಬದಿಯಲ್ಲಿ ಅಥವಾ ತಳದಲ್ಲಿ ಇರುವುದರಿಂದ ಅವು ಧೂಳಿನಿಂದ ಮುಚ್ಚಿದ್ದು ಕಾಣುವುದೇ ಇಲ್ಲ. ಗಾಳಿ ಕಡಿಮೆಯಾದಾಗ ಎರಡು ತೊಂದರೆಗಳಾಗುತ್ತವೆ: ಆಹಾರದ ತೇವ ಹೊರಹೋಗುವುದಿಲ್ಲ, ಹೀಟರಿನ ಸುತ್ತ ಶಾಖ ನಿಂತು ಅದು ಅತಿಯಾಗಿ ಕಾಯುತ್ತದೆ. ಎರಡನೆಯದು ಹೆಚ್ಚಿನ ಅಪಾಯ.

ಬಣ್ಣ ಬಳಿಯುವ ಬಗೆಯ ಒಣ ಬ್ರಷ್‌ನಿಂದ ಕಿಂಡಿಗಳ ಧೂಳನ್ನು ಸಡಿಲಿಸಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿ. ಫ್ಯಾನಿನ ಮುಂದಿನ ಜಾಲರಿ ಕಳಚಿ ಬರುವುದಾಗಿ ಕೈಪಿಡಿ ಹೇಳಿದರೆ ಮಾತ್ರ ಕಳಚಿ, ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ರೆಕ್ಕೆಗಳನ್ನು ಒಂದು ಕೈಯಿಂದ ಹಿಡಿದು ನಿಲ್ಲಿಸಿಕೊಂಡು ಇನ್ನೊಂದು ಕೈಯಿಂದ ಗುಡಿಸಬೇಕು. ಒತ್ತಡದ ಗಾಳಿ ಊದಿ ರೆಕ್ಕೆ ಗಿರಗಿರನೆ ತಿರುಗಲು ಬಿಟ್ಟರೆ ಬೇರಿಂಗ್ ಸವೆಯುತ್ತದೆ. ಸಡಿಲವಾದ ಧೂಳು ಮೋಟಾರಿನೊಳಗೂ ಸೇರುತ್ತದೆ.

ಹೀಟರಿನ ಸುರುಳಿಯನ್ನು ಬಟ್ಟೆಯಿಂದ ಉಜ್ಜಬೇಡಿ. ಅದು ನಾಜೂಕಾದ ತಂತಿ, ಎಳೆದರೆ ತುಂಡಾಗುತ್ತದೆ ಅಥವಾ ಪಕ್ಕದ ಲೋಹಕ್ಕೆ ತಾಗುತ್ತದೆ. ಅದರ ಮೇಲೆ ಕೊಬ್ಬು ಅಥವಾ ರಸ ಬಿದ್ದು ಸುಟ್ಟ ವಾಸನೆ ಬರುತ್ತಿದ್ದು ಜಾಲರಿ ಕಳಚುವಂತಿಲ್ಲದಿದ್ದರೆ ದುರಸ್ತಿ ಬಲ್ಲವರಿಗೆ ಒಪ್ಪಿಸುವುದೇ ಸರಿ.

ಯಂತ್ರವನ್ನು ಇಡುವ ಜಾಗವೂ ನಿರ್ವಹಣೆಯ ಭಾಗವೇ. ಗಾಳಿಕಿಂಡಿಯಿರುವ ಬದಿಗೂ ಗೋಡೆಗೂ ನಡುವೆ ಕನಿಷ್ಠ ಒಂದು ಗೇಣು ಅಂತರವಿರಲಿ, ತಳದಲ್ಲಿ ಕಿಂಡಿಯಿದ್ದರೆ ಕೆಳಗೆ ಬಟ್ಟೆ ಅಥವಾ ಕಾಗದ ಹಾಸಬೇಡಿ.

## ಹಂತ 8: ಒಣಗಿಸಿ, ಜೋಡಿಸಿ, ಖಾಲಿಯಾಗಿ ಓಡಿಸುವುದು

ತೊಳೆದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸದೆ ಓರೆಯಾಗಿ ನಿಲ್ಲಿಸಿ ನೀರು ಇಳಿಯಲು ಬಿಡಿ. ಒದ್ದೆ ಟ್ರೇಗಳನ್ನು ಹೇಗೂ ಒಣಗಿಸುವ ಯಂತ್ರವೇ ಇದೆಯಲ್ಲ ಎಂದು ಹಾಗೆಯೇ ಒಳಗೆ ಹಾಕುವವರಿದ್ದಾರೆ. ಫ್ಯಾನ್ ತಳದಲ್ಲಿರುವ ಯಂತ್ರದಲ್ಲಿ ಆ ನೀರು ಸೀದಾ ಹೀಟರಿಗೆ ಬೀಳುತ್ತದೆ. ಹನಿ ಬೀಳದಷ್ಟು ಒಣಗಿದ ಮೇಲಷ್ಟೇ ಜೋಡಿಸಬೇಕು.

ಒಡಲನ್ನು ಒರೆಸಿ ಒಂದೆರಡು ಗಂಟೆ ಕಳೆದ ಮೇಲೆ, ಒಳಗೆ ಎಲ್ಲೂ ಪಸೆ ಇಲ್ಲವೆಂದು ಮುಟ್ಟಿ ನೋಡಿ, ಪ್ಲಗ್ ಹಾಕಿ 57 ಡಿಗ್ರಿಯಲ್ಲಿ 30 ನಿಮಿಷ ಖಾಲಿಯಾಗಿ ಓಡಿಸಿ. ಸಂದುಗಳಲ್ಲಿ ಉಳಿದ ತೇವ ಇದರಿಂದ ಹೋಗುತ್ತದೆ. ಸ್ವಚ್ಛತೆಯ ಪರೀಕ್ಷೆಯೂ ಇದೇ: ಹೊರಬರುವ ಗಾಳಿಯಲ್ಲಿ ಹಳೆಯ ಆಹಾರದ ವಾಸನೆ ಇದ್ದರೆ ಎಲ್ಲೋ ಕೊಳೆ ಉಳಿದಿದೆ. ಮತ್ತೆ ಟ್ರೇ ತೊಳೆಯುವ ಮುನ್ನ ರಸದ ತಟ್ಟೆ, ಬಾಗಿಲಿನ ಕೆಳಂಚು ಮತ್ತು ಫ್ಯಾನಿನ ಜಾಲರಿಯನ್ನು ನೋಡಿ. ಹೆಚ್ಚಾಗಿ ಅದು ಅಡಗಿರುವುದು ಅಲ್ಲಿ.

## ಹಂತ 9: ಉಷ್ಣತೆಯನ್ನು ಅಳೆದು ನೋಡುವುದು

ಗುಂಡಿಯ ಮೇಲೆ ಬರೆದ ಅಂಕಿ ಮತ್ತು ಒಳಗಿನ ನಿಜವಾದ ಉಷ್ಣತೆ ಕಾಲ ಕಳೆದಂತೆ ಬೇರೆಯಾಗಬಹುದು. ಆರು ತಿಂಗಳಿಗೊಮ್ಮೆ ಥರ್ಮಾಮೀಟರಿನ ಸಂವೇದಕವನ್ನು ನಡುವಿನ ಖಾಲಿ ಟ್ರೇಯ ಮೇಲೆ, ಗೋಡೆಗೆ ತಾಗದಂತೆ ಇಟ್ಟು, 57 ಡಿಗ್ರಿಗೆ ಹೊಂದಿಸಿ ಅರ್ಧ ಗಂಟೆ ಕಾಯಿರಿ. ನಂತರದ ಅರ್ಧ ಗಂಟೆಯಲ್ಲಿ 5 ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಂಡು ಸರಾಸರಿ ತೆಗೆಯಿರಿ. ಉಷ್ಣತೆಯನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಹೀಟರನ್ನು ಆನ್ ಆಫ್ ಮಾಡುತ್ತಲೇ ಇರುವುದರಿಂದ ಒಂದೇ ಸಲ ನೋಡಿದ ಅಂಕಿಯನ್ನು ನಂಬುವಂತಿಲ್ಲ.

ಸರಾಸರಿ ಐದಾರು ಡಿಗ್ರಿ ಕಡಿಮೆಯಿದ್ದರೆ ಅಷ್ಟು ಹೆಚ್ಚಿಸಿ ಹೊಂದಿಸಿ, ಆ ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ. ಹೆಚ್ಚಿದ್ದರೆ ನಿರ್ಲಕ್ಷಿಸಬಾರದು: ಶಾಖ ಅತಿಯಾದಾಗ ಹೋಳಿನ ಹೊರಮೈ ಬೇಗ ಗಟ್ಟಿಯಾಗಿ ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಡಬ್ಬಿಗೆ ತುಂಬಿದ ಮೇಲೆ ಬೂಷ್ಟು ಬರುತ್ತದೆ. ಮಾಂಸದ ವಿಷಯದಲ್ಲಂತೂ ಯಂತ್ರದ ಶಾಖವನ್ನೇ ನಂಬಿಕೊಳ್ಳಬಾರದು. ಒಣಗಿಸುವ ಮೊದಲೇ ಮಾಂಸವನ್ನು 71 ಡಿಗ್ರಿಗೆ, ಕೋಳಿಯನ್ನು 74 ಡಿಗ್ರಿಗೆ ಬಿಸಿ ಮಾಡಬೇಕೆಂಬುದು ಅಮೆರಿಕದ ಕೃಷಿ ಇಲಾಖೆಯ ಸಲಹೆ.

## ಯಾವುದನ್ನು ಎಷ್ಟು ದಿನಕ್ಕೊಮ್ಮೆ

ಟ್ರೇ, ಜಾಲರಿ, ರಸದ ತಟ್ಟೆಗಳನ್ನು ಪ್ರತಿ ಬಳಕೆಯ ನಂತರ ತೊಳೆಯಬೇಕು. ಒಡಲನ್ನು ಅದೇ ದಿನ ಒರೆಸಬೇಕು. ವಾರಕ್ಕೆರಡು ಸಲ ಬಳಸುವವರು ಫ್ಯಾನ್ ಮತ್ತು ಕಿಂಡಿಗಳನ್ನು ತಿಂಗಳಿಗೊಮ್ಮೆ ಗುಡಿಸಿದರೆ ಸಾಕು. ಅಪರೂಪಕ್ಕೆ ಬಳಸುವವರು ಪ್ರತಿ ಸಲ ಹೊರತೆಗೆದಾಗಲೂ ಗುಡಿಸಿ, ಖಾಲಿಯಾಗಿ ಓಡಿಸಿ, ನಂತರವೇ ಆಹಾರ ಇಡಲಿ.

ಎತ್ತಿಡುವಾಗ ಗಾಳಿಯಾಡುವ ಬಟ್ಟೆಯಿಂದ ಮುಚ್ಚಿ; ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಉಳಿದ ಚೂರುಪಾರು ತೇವವೇ ಬೂಷ್ಟಿಗೆ ಸಾಕಾಗುತ್ತದೆ. ವಿದ್ಯುತ್ ತಂತಿಯನ್ನು ಬಿಗಿಯಾಗಿ ಸುತ್ತಬೇಡಿ, ಟ್ರೇಗಳ ಮೇಲೆ ಭಾರ ಹೇರಬೇಡಿ. ಚೂರುಗಳಿದ್ದರೆ ಇರುವೆ, ಜಿರಲೆಗಳು ಹೀಟರಿನವರೆಗೂ ಹೋಗುತ್ತವೆ.

## ಕೂಡಲೇ ಪ್ಲಗ್ ಕೀಳಬೇಕಾದ ಲಕ್ಷಣಗಳು

- ಹೀಟರ್ ಕಾಯುತ್ತಿದೆ, ಆದರೆ ಫ್ಯಾನ್ ತಿರುಗುತ್ತಿಲ್ಲ ಅಥವಾ ಗುಂಯ್‌ಗುಟ್ಟಿ ನಿಂತಿದೆ. ಬೆಂಕಿಯ ಅಪಾಯ ಅತಿ ಹೆಚ್ಚಿರುವುದು ಇಲ್ಲಿ.
- ಆಹಾರದ್ದಲ್ಲದ, ಸುಟ್ಟ ಪ್ಲಾಸ್ಟಿಕ್ ಅಥವಾ ವೈರಿನ ವಾಸನೆ ಬರುತ್ತಿದೆ.
- ಪ್ಲಗ್ ಅಥವಾ ತಂತಿ ಮುಟ್ಟಲಾರದಷ್ಟು ಬಿಸಿಯಾಗಿದೆ, ಇಲ್ಲವೇ ತಂತಿಯ ಹೊದಿಕೆ ಬಿರುಕು ಬಿಟ್ಟಿದೆ.
- ಯಂತ್ರದ ಲೋಹ ಮುಟ್ಟಿದಾಗ ಜುಮ್ಮೆನ್ನುತ್ತದೆ, ಅಥವಾ ಪ್ಲಗ್ ಹಾಕಿದ ಕೂಡಲೇ ಮನೆಯ ಟ್ರಿಪ್ ಸ್ವಿಚ್ ಬೀಳುತ್ತದೆ. ಒಳಗೆ ನೀರು ಸೇರಿರುವ ಸಾಧ್ಯತೆಯಿದೆ. ಮತ್ತೆ ಮತ್ತೆ ಸ್ವಿಚ್ ಎತ್ತಿ ಪರೀಕ್ಷಿಸಬೇಡಿ.

ಫ್ಯಾನ್ ತಿರುಗುತ್ತಿದ್ದು ಗಾಳಿ ತಣ್ಣಗೇ ಬರುತ್ತಿದ್ದರೆ ಅತಿಶಾಖದಿಂದ ಕಾಪಾಡುವ ಥರ್ಮಲ್ ಫ್ಯೂಸ್ ಕಡಿದಿರಬಹುದು. ಅದನ್ನು ತಂತಿಯಿಂದ ನೇರವಾಗಿ ಜೋಡಿಸಿ ಯಂತ್ರ ಓಡಿಸುವುದು ಪ್ರಾಣಾಪಾಯದ ಕೆಲಸ. ಫ್ಯೂಸ್ ಕಡಿದದ್ದು ಏಕೆಂದು ತಿಳಿದು, ಅದೇ ಅಳತೆಯ ಹೊಸದನ್ನು ಬಲ್ಲವರಿಂದ ಹಾಕಿಸಿ. ಕಾರಣ ಬಹಳ ಸಲ ಮುಚ್ಚಿಹೋದ ಗಾಳಿಕಿಂಡಿಯೇ ಆಗಿರುತ್ತದೆ.

## ಬಿಸಾಡಬೇಕಾದ ಬಿಡಿಭಾಗಗಳು

ಬಿರುಕು ಬಿಟ್ಟ ಟ್ರೇ, ಬಿಳಿಚಿಕೊಂಡು ಮುಟ್ಟಿದರೆ ಪುಡಿ ಉದುರುವ ಪ್ಲಾಸ್ಟಿಕ್, ಎಳೆ ಕಿತ್ತುಬರುವ ಜಾಲರಿ, ಸೋಡಾ ಹಚ್ಚಿದರೂ ವಾಸನೆ ಬಿಡದ ಸಿಲಿಕೋನ್ ಹಾಳೆ, ಇವನ್ನು ಉಳಿಸಿಕೊಳ್ಳಬೇಡಿ. ಚೂರು ಆಹಾರದಲ್ಲಿ ಸೇರುತ್ತದೆ. ಸೊಟ್ಟಗಾದ ಟ್ರೇಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ: ಅಂಚು ಸ್ವಲ್ಪವೇ ಎದ್ದಿದ್ದರೆ ಎಲ್ಲಕ್ಕಿಂತ ಮೇಲಿನ ಟ್ರೇಯಾಗಿ ಬಳಸಬಹುದು, ಅಲ್ಲಾಡುತ್ತಿದ್ದರೆ ಬದಲಾಯಿಸಬೇಕು. ಹೊಸ ಟ್ರೇ ಕೊಳ್ಳುವಾಗ ವ್ಯಾಸ ಹೊಂದಿದರೆ ಸಾಲದು, ಮಾದರಿ ಸಂಖ್ಯೆಯೂ ಹೊಂದಬೇಕು. ನಡುವಿನ ಗಾಳಿರಂಧ್ರದ ಅಳತೆ ಬೇರೆಯಾದರೆ ಅದರ ಮೇಲಿನ ಟ್ರೇಗಳಿಗೆ ಗಾಳಿ ಸರಿಯಾಗಿ ತಲುಪುವುದಿಲ್ಲ.